ಬೆಲ್ಜಿಯಂಗೆ ಹೋದ ಕೆಮಿಸ್ಟ್ರಿ ಮೇಡಂ

ಬಸವರಾಜೇಶ್ವರಿ, ಎಲ್ಲರ ಬಾಯಲ್ಲಿ ರಾಜೇಶ್ವರಿ, ಮೂವತ್ತು ದಾಟುವವರೆಗೆ ರೇಸ್ ಸೈಕಲ್ ಮುಟ್ಟಿದವಳಲ್ಲ. ವಿಜಯನಗರದ ಒಂದು ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ, ಬಸವೇಶ್ವರನಗರದಲ್ಲಿ ಮನೆ, ಮಾಗಡಿ ರಸ್ತೆಯಲ್ಲಿ ಗಂಡ ಕೊಟ್ರೇಶನ ಹಾರ್ಡ್‌ವೇರ್ ಅಂಗಡಿ. ಹೆರಿಗೆಯಾದ ಮೇಲೆ ಕಾಡಿದ ಮಂಡಿನೋವಿಗೆ ಡಾಕ್ಟರು ಸೈಕಲ್ ತುಳಿಯಿರಿ ಅಂದರು. ತಮ್ಮನ ಹಳೇ ಗೇರ್ ಸೈಕಲ್ ತಂದು ಬೆಳಗಿನ ಹೊತ್ತು ನಾಗರಬಾವಿ ಕಡೆಗೆ ಹೋಗತೊಡಗಿದಳು. ಒಂದು ಭಾನುವಾರ ಬಣ್ಣದ ಜೆರ್ಸಿ ತೊಟ್ಟವರ ಗುಂಪೊಂದು ಪಕ್ಕದಲ್ಲೇ ಸುಯ್ಯನೆ ದಾಟಿ ಹೋಯಿತು. ಅವಳಿಗೆ ಏನನ್ನಿಸಿತೋ, ಚೂಡಿದಾರದಲ್ಲೇ ಬೆನ್ನುಹತ್ತಿದಳು.

ಕೆಂಗೇರಿ ಸಿಗ್ನಲ್ಲಿನಲ್ಲಿ ಅವಳು ಕಾಲೂರಿ ನಿಂತಾಗ ಗುಂಪಿನ ಮುಂದಾಳು ಮೋಹನ್ ಕುಮಾರ್ ಹಿಂತಿರುಗಿ ನೋಡಿದ. ಹಿಂದೊಮ್ಮೆ ರಾಜ್ಯ ತಂಡದಲ್ಲಿ ತುಳಿದಿದ್ದವನು, ಈಗ ಬ್ಯಾಂಕಿನ ನೌಕರ.

"ಮೇಡಂ, ಎಲ್ಲಿಂದ ನಮ್ಮ ಹಿಂದೆ ಬರ್ತಾ ಇದೀರಿ?"

"ನಾಗರಬಾವಿ ಸರ್ಕಲ್ಲಿಂದ."

"ಈ ಹಳೇ ಸೈಕಲ್ ತುಳ್ಕೊಂಡೇನಾ?"

ಅಂದಿನಿಂದ ಅವಳು ಗುಂಪಿನವಳಾದಳು. ಮಂಚನಬೆಲೆ ರಸ್ತೆಯ ಏರುಗಳಲ್ಲಿ ಗಂಡಸರೇ ಅವಳ ಹಿಂದೆ ಏದುಸಿರು ಬಿಡುತ್ತಿದ್ದರು. ಊರಿನ ಹೆಂಗಸರ ರೇಸುಗಳಲ್ಲಿ ಸ್ಪರ್ಧಿಸುವವರೇ ಬೆರಳೆಣಿಕೆ. ಮೊದಲ ಏರು ಮುಗಿಯುವಷ್ಟರಲ್ಲಿ ರಾಜೇಶ್ವರಿ ಒಬ್ಬಳೇ ಮುಂದಿರುತ್ತಿದ್ದಳು, ಕೊನೆಯವರೆಗೂ ಒಬ್ಬಳೇ ತುಳಿದು ಗೆಲ್ಲುತ್ತಿದ್ದಳು. ಮೂವತ್ತೆಂಟಕ್ಕೆ ಕಾಲಿಟ್ಟ ವರ್ಷ ಮೋಹನ್, "ಇಲ್ಲಿ ಇನ್ನು ನಿಮಗೆ ಕಲಿಯೋಕೆ ಏನೂ ಇಲ್ಲ. ಬೆಲ್ಜಿಯಂನಲ್ಲಿ ಹಳ್ಳಿಹಳ್ಳಿಲೂ ರೇಸ್ ಮಾಡ್ತಾರೆ. ರೇಸ್ ಲೈಸೆನ್ಸ್ ಇದ್ರೆ ನಮ್ಮಂಥ ಹವ್ಯಾಸಿಗಳೂ ಸೇರಬಹುದು. ಹೋಗಿ ಬನ್ನಿ," ಎಂದ.

"ಹಳ್ಳಿ ರೇಸಿಗೆ ಅಷ್ಟು ದೂರ ಹೋಗ್ಬೇಕಾ?" ಎಂದು ಕೊಟ್ರೇಶ ನಕ್ಕ. ಆದರೆ ಬೇಡ ಅನ್ನಲಿಲ್ಲ. ಏಪ್ರಿಲ್‌ನಲ್ಲಿ ಮೌಲ್ಯಮಾಪನ ಮುಗಿಸಿ, ಸೈಕಲ್ ಬಿಚ್ಚಿ ಪೆಟ್ಟಿಗೆಗೆ ತುಂಬಿ, ಮೇ ತಿಂಗಳ ರಜೆಗೆ ಅವಳು ವಿಮಾನ ಹತ್ತಿದಳು.

ಘೆಂಟ್ ನಗರದ ಹೊರಗಿನ ಒಂದು ಹಳ್ಳಿಯಲ್ಲಿ ಲೀವಾ ಎಂಬ ನಿವೃತ್ತ ನರ್ಸ್ ತನ್ನ ಮನೆಯ ಮಹಡಿಯ ಕೋಣೆಯನ್ನು ಹೊರಗಿನಿಂದ ಬರುವ ಸೈಕಲ್ಲಿಗರಿಗೆ ಬಾಡಿಗೆಗೆ ಕೊಡುತ್ತಿದ್ದಳು. ಮಾತು ಕಡಿಮೆ. ರೇಸಿನ ದಿನ ತನ್ನ ಕಾರಿನಲ್ಲೇ ಕರೆದುಕೊಂಡು ಹೋಗುತ್ತಿದ್ದಳು.

ಮೊದಲ ರೇಸಿನ ದಾರಿ ನೋಡಿ ರಾಜೇಶ್ವರಿಗೆ ಸಮಾಧಾನವೇ ಆಯಿತು. ಒಂದು ಏರೂ ಇಲ್ಲ. ಚರ್ಚಿನ ಮುಂದಿನಿಂದ ಹೊರಟು, ಹೊಲಗಳ ನಡುವಿನ ಸಣ್ಣ ರಸ್ತೆ ಸುತ್ತಿ, ಮತ್ತೆ ಚರ್ಚಿನ ಮುಂದಕ್ಕೆ. ಅದೇ ಸುತ್ತನ್ನು ಮತ್ತೆ ಮತ್ತೆ ತುಳಿಯಬೇಕು. ಪಕ್ಕದಲ್ಲಿ ನಿಂತ ಹುಡುಗಿಯರಲ್ಲಿ ಅರ್ಧಕ್ಕರ್ಧ ಜನ ತನ್ನ ಸೆಕೆಂಡ್ ಪಿಯು ವಿದ್ಯಾರ್ಥಿನಿಯರ ವಯಸ್ಸಿನವರು.

ಸೀಟಿ ಊದಿದ್ದೇ ತಡ, ಕೊನೆಯ ಸುತ್ತೇ ಬಂದುಬಿಟ್ಟಿತೇನೋ ಎಂಬಂತೆ ಎಲ್ಲರೂ ನುಗ್ಗಿದರು. ಮೊಣಕೈಗೆ ಮೊಣಕೈ ತಾಗುವಷ್ಟು ಇಕ್ಕಟ್ಟು. ಹೆದರಿ ಹಿಂದುಳಿದಳು. ತಿರುವು ಬಂದಾಗಲೆಲ್ಲ ಹಿಂದಿನವರು ಬ್ರೇಕ್ ಹಿಡಿದು ನಿಲ್ಲುವಂತಾಗುತ್ತಿತ್ತು. ಅಷ್ಟರಲ್ಲಿ ಮುಂದಿನವರು ತಿರುವು ದಾಟಿ ಹಾರಿಹೋಗಿರುತ್ತಿದ್ದರು. ಅವರನ್ನು ಹಿಡಿಯಲು ಜೀವ ತೇಯ್ದು ತುಳಿದು ಹತ್ತಿರವಾಗುವಷ್ಟರಲ್ಲಿ ಇನ್ನೊಂದು ತಿರುವು. ಹೊಲದ ಕಡೆಯಿಂದ ಅಡ್ಡಗಾಳಿ ಬೀಸಿದಾಗ ಮುಂದಿನವರು ಒಬ್ಬರ ಮರೆಯಲ್ಲಿ ಒಬ್ಬರು ಓರೆಯಾಗಿ ಸಾಲುಗಟ್ಟಿ ರಸ್ತೆಯನ್ನೆಲ್ಲ ತುಂಬಿಕೊಂಡರು. ಅವಳಿಗೆ ಉಳಿದದ್ದು ಚರಂಡಿಯಂಚು. ನಾಲ್ಕಾರು ಸುತ್ತಿಗೆ ಗುಂಪು ಕಣ್ಮರೆಯಾಯಿತು. ಅಧಿಕಾರಿಯೊಬ್ಬ ಬಾವುಟ ಚಾಚಿ, ಪಕ್ಕಕ್ಕೆ ಬಾ ಎಂದು ಸನ್ನೆ ಮಾಡಿದ. ಹಿಂದೆ ಬಿದ್ದವರನ್ನು ರಸ್ತೆಯಲ್ಲಿ ಉಳಿಸುವ ಪದ್ಧತಿ ಅಲ್ಲಿಲ್ಲ.

"ನನಗೆ ಸುಸ್ತಾಗಿಲ್ಲ! ಇನ್ನೂ ತುಳೀತೀನಿ!" ಎಂದು ಇಂಗ್ಲಿಷಿನಲ್ಲಿ ಕೂಗಿದಳು.

ಆತ ನಕ್ಕು ಅವಳ ಬೆನ್ನಿನ ನಂಬರಿನತ್ತ ಕೈ ತೋರಿಸಿದ. ಬಿಚ್ಚಿ ಕೊಟ್ಟಳು.

ಎರಡನೆಯ ರೇಸಿನಲ್ಲೂ ಅದೇ ಕತೆ. ಸಂಜೆ ಕೊಟ್ರೇಶನ ಫೋನ್ ಬಂತು.

"ಎಷ್ಟನೇ ಪ್ಲೇಸು?"

"ಪ್ಲೇಸೇ ಇಲ್ಲ ರೀ. ಇಳಿಸಿಬಿಟ್ರು."

"ಯಾಕೆ? ಏನಾದ್ರೂ ತಪ್ಪು ಮಾಡಿದ್ಯಾ?"

"ಹಿಂದೆ ಬಿದ್ದೆ, ಅದೇ ತಪ್ಪು. ಕಾಲಲ್ಲಿ ಶಕ್ತಿ ಇದೆ ರೀ, ಆದ್ರೆ ಅದನ್ನ ಎಲ್ಲಿ ಹಾಕ್ಬೇಕು ಅಂತ್ಲೇ ಗೊತ್ತಾಗ್ತಿಲ್ಲ. ಈ ಚಿಕ್ಕ ಹುಡುಗೀರು ನನ್ನ ಸೊಂಟಕ್ಕೆ ಕೈ ಇಟ್ಟು ಪಕ್ಕಕ್ಕೆ ತಳ್ಳಿ ಹೋಗ್ತಾರೆ!"

"ತಳ್ಳೋದಾ? ಕಂಪ್ಲೇಂಟ್ ಕೊಡು."

"ಇಲ್ಲಿ ಅದು ಮಾಮೂಲಂತೆ," ಎಂದು ಸಿಡುಕಿ ಫೋನ್ ಇಟ್ಟಳು. ಗಂಡನ ಮೇಲೆ ಯಾಕೆ ರೇಗಿದೆ ಎಂದು ಅವಳಿಗೇ ತಿಳಿಯಲಿಲ್ಲ.

ಮುಂದಿನ ರೇಸಿಗೆ ಹೋದಾಗ ಜಾಗ ಭರ್ತಿಯಾಗಿತ್ತು. ಹೆಸರು ಸೇರಿಸಲಿಲ್ಲ. ಅಷ್ಟು ದೂರ ಬಂದದ್ದಕ್ಕೆ ಒಂದು ತಿರುವಿನ ಬೇಲಿಗೆ ಒರಗಿ ನಿಂತು ನೋಡಿದಳು. ಮುಂದಿನ ಇಪ್ಪತ್ತು ಜನ ತಿರುವಿಗೆ ಮೊದಲೇ ವೇಗ ತಗ್ಗಿಸಿ, ತಿರುವಿನಲ್ಲಿ ಬ್ರೇಕ್ ಮುಟ್ಟದೆ ನೀರಿನಂತೆ ಹರಿದು ಹೋಗುತ್ತಿದ್ದರು. ಅವರ ಹಿಂದಿನವರಲ್ಲಿ ಗಲಿಬಿಲಿ. ಬಾಲದಲ್ಲಿದ್ದವರು ಪ್ರತಿ ಸುತ್ತಿಗೂ ಹೊಸದಾಗಿ ಹೊರಟವರಂತೆ ಎದ್ದು ನಿಂತು ತುಳಿಯುತ್ತಿದ್ದರು. ತಾನು ಮಾಡುತ್ತಿದ್ದ ದಂಡದ ಕೆಲಸ ಕಣ್ಣಿಗೆ ಕಟ್ಟಿತು. ಇಷ್ಟು ವರ್ಷ ಒಬ್ಬಳೇ ತುಳಿದು ಗೆದ್ದದ್ದರಿಂದ ಗುಂಪಿನಲ್ಲಿ ತುಳಿಯುವುದನ್ನು ಕಲಿತೇ ಇರಲಿಲ್ಲ.

ಮುಂದಿನ ಬಾರಿ ಹೇಗಾದರೂ ಮುಂದಿರಬೇಕು ಎಂದು ಹಟ ಹಿಡಿದಳು. ಅಂದು ಜಿಟಿಜಿಟಿ ಮಳೆ, ಕೈ ಸೆಟೆಯುವ ಚಳಿ. ಭುಜ ಕೊಟ್ಟು, ಮೊಣಕೈ ಕೊಟ್ಟು, ಮೊದಲ ಬಾರಿಗೆ ಗುಂಪಿನ ಮುಂಭಾಗ ಸೇರಿದಳು. ನಾಲ್ಕನೆಯ ಸುತ್ತಿನಲ್ಲಿ ಒದ್ದೆ ತಿರುವೊಂದರಲ್ಲಿ ಮುಂದಿನ ಚಕ್ರ ಕೊಂಚ ಅಲುಗಿತು. ಹೆದರಿ ಬ್ರೇಕ್ ಹಿಡಿದಳು. ಹಿಂದಿದ್ದ ಹುಡುಗಿ ಬಂದು ಗುದ್ದಿದಳು. ಇಬ್ಬರೂ ರಸ್ತೆಗೆ ಬಿದ್ದು ಜಾರಿದರು. ರಾಜೇಶ್ವರಿಯ ತೊಡೆಯ ಚರ್ಮ ಕಿತ್ತುಬಂತು. ಆ ಹುಡುಗಿ ಎದ್ದು ಕೂತಳು, ಒಂದು ಕೈ ಎತ್ತಲಾಗಲಿಲ್ಲ.

ಹುಡುಗಿಯ ಅಪ್ಪ ಓಡಿಬಂದು ಅವರ ಭಾಷೆಯಲ್ಲಿ ಬಾಯಿಗೆ ಬಂದಂತೆ ಬೈದ. ರಾಜೇಶ್ವರಿ ಕೈ ಜೋಡಿಸಿದಳು. ಆತ ಕಡೆಗೂ ಇಂಗ್ಲಿಷಿನಲ್ಲಿ, "ರೇಸ್ ಮಾಡಲು ಬಾರದಿದ್ದರೆ ಯಾಕೆ ಬರುತ್ತೀರಿ?" ಎಂದ. ಹುಡುಗಿಯ ಭುಜದ ಮೂಳೆ ಮುರಿದಿತ್ತು. ಲೀವಾಳೊಂದಿಗೆ ಆಸ್ಪತ್ರೆಗೆ ಹೋದರೆ, ಒಳಗೆ ಬರುವುದು ಬೇಡ ಎಂದು ಹುಡುಗಿಯ ಮನೆಯವರು ಹೇಳಿ ಕಳಿಸಿದರು.

ಮನೆಗೆ ಬಂದು ಲೀವಾ ಗಾಯ ತೊಳೆದು ಪಟ್ಟಿ ಕಟ್ಟಿದಳು.

"ನಾಳೆಯೇ ಹೊರಡುತ್ತೀನಿ," ಎಂದಳು ರಾಜೇಶ್ವರಿ.

"ಶನಿವಾರ ಇನ್ನೊಂದು ರೇಸಿದೆಯಲ್ಲ?"

"ನನ್ನಿಂದ ಇನ್ನೊಬ್ಬಳು ಬೀಳುವುದು ಬೇಡ."

"ಬೀಳದವರು ಯಾರೂ ಇಲ್ಲ ಇಲ್ಲಿ," ಎಂದು ಹೇಳಿ ಲೀವಾ ಸೂಪ್ ಬಿಸಿ ಮಾಡಲು ಎದ್ದಳು. ಅದು ಸಮಾಧಾನದ ಮಾತೋ ಬರೀ ಮಾಹಿತಿಯೋ ರಾಜೇಶ್ವರಿಗೆ ತಿಳಿಯಲಿಲ್ಲ. ಅಂತೂ ಶನಿವಾರ ರೇಸಿಗೇ ಹೊರಟಳು.

ಆ ದಿನ ಮಾತ್ರ ಎಲ್ಲವೂ ಕೂಡಿ ಬಂತು. ಪಟ್ಟಿ ಕಟ್ಟಿದ ತೊಡೆ ಉರಿಯುತ್ತಿದ್ದರೂ ಗುಂಪಿನ ನಡುವೆ ಜಾಗ ಹಿಡಿದಳು, ಬಿಟ್ಟುಕೊಡಲಿಲ್ಲ. ತಿರುವಿಗೆ ಮೊದಲು ಬ್ರೇಕ್, ತಿರುವಿನಲ್ಲಿ ಬೆರಳು ಸಡಿಲ. ಗಾಳಿ ಬಂದಾಗ ಓರೆಸಾಲಿನೊಳಗೆ ತೂರಿಕೊಂಡಳು. ಅರ್ಧ ರೇಸು ಕಳೆದರೂ ಉಸಿರು ಹತೋಟಿಯಲ್ಲಿತ್ತು. ಇದಾ, ಇಷ್ಟೇನಾ ಎಂದು ಒಳಗೊಳಗೇ ನಗು ಬಂತು.

ಆಗ ಹಿಂದಿನ ಟೈರು ಪಂಕ್ಚರ್ ಆಯಿತು.

ತಂಡಗಳ ಪರವಾಗಿ ಬಂದವರಿಗೆ ಹಿಂದೆ ಕಾರು, ಕಾರಿನಲ್ಲಿ ಬದಲಿ ಚಕ್ರ. ಅವಳ ಬದಲಿ ಚಕ್ರ ಲೀವಾಳ ಕೈಯಲ್ಲಿತ್ತು, ಲೀವಾ ನಿಂತಿದ್ದು ದಾರಿಯ ಆ ತುದಿಯಲ್ಲಿ. ಕೈಯೆತ್ತಿ ರಸ್ತೆಯ ಪಕ್ಕ ನಿಂತಳು. ಗುಂಪು ಹೋಯಿತು, ಕಾರುಗಳೂ ಹೋದವು. ಒಬ್ಬ ಚಾಲಕ ಕೈಯಾಡಿಸಿ ವಿಷಾದ ಸೂಚಿಸಿದ. ರಾಜೇಶ್ವರಿ ಸೈಕಲನ್ನು ಬೇಲಿಗೆ ಎಸೆದು, ಎದುರಿಗೆ ಮೇಯುತ್ತಿದ್ದ ಹಸುಗಳಿಗೆ ಕೇಳುವಂತೆ ಅಪ್ಪಟ ಕನ್ನಡದಲ್ಲಿ ಬೈದಳು. ಆಮೇಲೆ ಸೈಕಲ್ ಎತ್ತಿಕೊಂಡು, ಕುಂಟುತ್ತ ನಡೆದು ಬಂದಳು.

ಬೆಂಗಳೂರಿಗೆ ಬಂದು ಟ್ಯಾಕ್ಸಿ ಇಳಿದರೆ ಬೀದಿಯ ಮೂಲೆಯಲ್ಲಿ ಅವಳದೇ ಫ್ಲೆಕ್ಸು. "ಯುರೋಪಿನಲ್ಲಿ ಕರುನಾಡ ಕೀರ್ತಿ ಬೆಳಗಿದ ಬಸವರಾಜೇಶ್ವರಿಯವರಿಗೆ ಹಾರ್ದಿಕ ಅಭಿನಂದನೆಗಳು." ಹಾಕಿಸಿದವರು ಕೊಟ್ರೇಶನ ಚಿಕ್ಕಪ್ಪ ಶಂಭುಲಿಂಗಪ್ಪ, ಮನೆ ಬಾಗಿಲಲ್ಲೇ ಕಾದಿದ್ದರು.

"ಮಾವ, ಇದನ್ನ ಇವತ್ತೇ ತೆಗೆಸಿಬಿಡಿ."

"ಯಾಕಮ್ಮ? ಫೋಟೋ ಚೆನ್ನಾಗಿಲ್ವಾ?"

"ನಾನು ಒಂದು ರೇಸನ್ನೂ ಮುಗಿಸಿಲ್ಲ ಮಾವ. ಒಂದು ಮಗು ಭುಜ ಬೇರೆ ಮುರಿದು ಬಂದಿದೀನಿ."

"ಅದನ್ನೆಲ್ಲ ಯಾರು ಕೇಳ್ತಾರೆ? ಹೋಗಿದ್ದೇ ದೊಡ್ಡದು."

ಅವಳು ಒಳಗಿನಿಂದ ಸ್ಟೂಲು, ಕತ್ತರಿ ತಂದು ತಾನೇ ಹಗ್ಗ ಕತ್ತರಿಸಿದಳು. ಶಂಭುಲಿಂಗಪ್ಪ ಒಂದು ವಾರ ಮಾತು ಬಿಟ್ಟರು.

ಜುಲೈನಲ್ಲಿ ಊರಿನ ರೇಸೊಂದನ್ನು ಯಥಾಪ್ರಕಾರ ಒಬ್ಬಳೇ ತುಳಿದು ಗೆದ್ದಳು. ಪದಕ ಹಾಕುವಾಗ ಮುಖ ಗಂಟಿಕ್ಕಿಕೊಂಡೇ ಇತ್ತು. ಮರುವಾರ ಗುಂಪಿನವರನ್ನೆಲ್ಲ ಕೆಂಗೇರಿ ಆಚೆ ಇನ್ನೂ ಮನೆ ಏಳದ ಹೊಸ ಬಡಾವಣೆಗೆ ಕರೆದಳು. ಖಾಲಿ ರಸ್ತೆ, ಹೆಜ್ಜೆಹೆಜ್ಜೆಗೂ ತಿರುವು. ಭುಜಕ್ಕೆ ಭುಜ ತಾಗಿಸಿ ತುಳಿಯೋಣ ಅಂದಳು.

"ಯಾಕ್ ಮೇಡಂ ರಿಸ್ಕು? ಬಿದ್ರೆ ಆಫೀಸಿಗೆ ರಜೆ ಹಾಕ್ಬೇಕು," ಎಂದು ಅರ್ಧ ಜನ ಜಾರಿಕೊಂಡರು. ಉಳಿದವರಲ್ಲಿ ಚೇತನಾ ಎಂಬ ಹೊಸಬಳು ಮೊದಲ ದಿನವೇ ಮರಳಿನಲ್ಲಿ ಜಾರಿ ಮೊಣಕೈ ತರಚಿಕೊಂಡು ಬರುವುದನ್ನು ನಿಲ್ಲಿಸಿದಳು. ಮಳೆಗಾಲ ಮುಗಿಯುವಷ್ಟರಲ್ಲಿ ಉಳಿದದ್ದು ಮೋಹನ್ ಮತ್ತು ರಾಜೇಶ್ವರಿ ಮಾತ್ರ.

"ಇಬ್ಬರಿಂದ ಗುಂಪಾಗುತ್ತೇನ್ರೀ?" ಎಂದು ಅವಳು ಆಗಾಗ ಸಿಡುಕುತ್ತಾಳೆ. ಮೋಹನ್ ಪಕ್ಕಕ್ಕೆ ಬಂದು ಮೊಣಕೈ ತಾಗಿಸುತ್ತಾನೆ. ಅವಳು ತಿರುಗಿ ತಳ್ಳುತ್ತಾಳೆ. ಮುಂದಿನ ಮೇ ತಿಂಗಳಲ್ಲಿ ಮತ್ತೆ ಬೆಲ್ಜಿಯಂಗೆ ಹೋಗುವ ಮಾತನ್ನು ಮನೆಯಲ್ಲಿ ಯಾರೂ ಎತ್ತಿಲ್ಲ, ಅವಳೂ ಎತ್ತಿಲ್ಲ.