ಮಾವನವರ ಜೀಪು ನಿಲ್ಲಲು ಕಲಿತದ್ದು

ಮಾಂಬಳ್ಳಿಯ ನಮ್ಮ ಮನೆಯಲ್ಲಿ ದಿನಾ ಎರಡು ಪೂಜೆ. ದೇವರಿಗೆ ಅತ್ತೆ ಮಾಡುತ್ತಿದ್ದರು. ಕೊಟ್ಟಿಗೆಯಲ್ಲಿ ವರ್ಷಗಟ್ಟಲೆ ನಿಂತಿದ್ದ ಜೀಪಿಗೆ ಮಾವ ಮಾಡುತ್ತಿದ್ದರು. ಅವರ ಭಕ್ತಿಗೆ ಮೆಚ್ಚಿ ಜೀಪು ಒಂದು ದಿನ ಸ್ಟಾರ್ಟ್ ಆಯಿತು. ನಿಲ್ಲುವುದನ್ನು ಮಾತ್ರ ಮರೆತಿತ್ತು. ಬ್ರೇಕ್ ಪೆಡಲು ಕಲ್ಲಿನಂತೆ ಗಟ್ಟಿ. ಗಾಡಿ ಹೋಗಿ ಹುಲ್ಲಿನ ಮೆದೆಗೆ ಮುಖ ಇಟ್ಟಿತು.

"ನೋಡುದ್ರಾ, ಎಂಗೆ ನಿಂತ್ಕತು!" ಎನ್ನುತ್ತಾ ಮಾವ ಇಳಿದರು.

ನನ್ನ ಗಂಡ ಚಕ್ರ ಬಿಚ್ಚಿದರು. ಎಣ್ಣೆಯ ಒತ್ತಡಕ್ಕೆ ಹೊರಗೆ ಜಾರಿ ಬ್ರೇಕ್ ಹಿಡಿಸಬೇಕಾದ ಪಿಸ್ಟನ್ನುಗಳು ಸಿಲಿಂಡರಿನೊಳಗೇ ತುಕ್ಕು ಹಿಡಿದು ಕಚ್ಚಿಕೊಂಡಿದ್ದವು. ಉಳಿದವು ಹೇಗೋ ಬಿಟ್ಟುಕೊಂಡವು. ಮುಂದಿನ ಬಲಚಕ್ರದ ಸಿಲಿಂಡರಿನ ಎರಡು ತುದಿಗಳಲ್ಲಿದ್ದ ಜೋಡಿ ಮಾತ್ರ ಜಪ್ಪಯ್ಯ ಎನ್ನಲಿಲ್ಲ. ಕೊಳ್ಳೇಗಾಲದ ಬಿಡಿಭಾಗಗಳ ಅಂಗಡಿಯವರು, "ಈ ಮಾಡ್ಲು ಈಗ ಬರಕಿಲ್ಲ ಸಾ. ಇದ್ನೇ ಬುಡುಸ್ಕಳಿ, ರಬ್ಬರ್ ಬೇಕಾರೆ ಕೊಡ್ತೀನಿ" ಎಂದರು.

ಅಂದಿನಿಂದ ಅತ್ತೆಯ ಹೂರಣದ ಬೋಗುಣಿಯಲ್ಲಿ ಸಿಲಿಂಡರು ಡೀಸೆಲ್ ಸ್ನಾನ ಮಾಡತೊಡಗಿತು. ಬಾಣಂತಿಯನ್ನು ನೋಡಲು ಬರುವಂತೆ ಊರವರು ಬಂದರು. ಒಬ್ಬರು ಕಾಯಿಸಿ ಎಂದರು, ಇನ್ನೊಬ್ಬರು ಬಡಿಯಿರಿ ಎಂದರು. ತಮ್ಮ ಮನೆಗೆ ತೆಗೆದುಕೊಂಡು ಹೋಗಿ ಬಡಿಯುತ್ತೇನೆಂದು ಮಾತ್ರ ಯಾರೂ ಹೇಳಲಿಲ್ಲ.

ಕೊನೆಗೆ ಸಿಲಿಂಡರು ಹಿಡಿದು ಮಾವ, ನನ್ನ ಗಂಡ, ನಾನು ಯಳಂದೂರಿನ ಪಂಕ್ಚರ್ ಅಂಗಡಿಗೆ ಹೋದೆವು. ಗಾಳಿ ಹೊಡೆದರೆ ತಾನೇ ಬರುತ್ತದೆಂದು ಮಾವನ ನಂಬಿಕೆ.

"ಎಗುರಿ ಬಂದಾತು, ದೂರ ನಿಂತ್ಕಳಿ ಸಾ," ಎಂದ ಅಂಗಡಿಯವನು.

"ನನ್ ಜೀಪು ನಂಗೊತ್ತಿಲ್ವಾ? ಗಾಳಿ ಒಡಿಯಪ್ಪ ನೀನು."

ಢಬ್ಬೆಂದಿತು. ಪಿಸ್ಟನ್ನು ಮಾವನ ಕಿವಿಯ ಪಕ್ಕದಲ್ಲೇ ಹಾರಿ, ಎದುರಿಗಿದ್ದ ಹುಟ್ಟುಹಬ್ಬದ ಫ್ಲೆಕ್ಸಿನಲ್ಲಿ ಕೈಮುಗಿದು ನಗುತ್ತಿದ್ದ ಮುಖಂಡರ ಮುಂದಿನ ಹಲ್ಲನ್ನು ಕಿತ್ತಿತು. ಮುಖಂಡರು ನಗುತ್ತಲೇ ಇದ್ದರು. ಸಾರ್ವಜನಿಕ ಜೀವನದ ಅನುಭವ. ಮಾವ ಮಾತ್ರ ಬೆವರುತ್ತಾ ಕಿವಿ ಮುಟ್ಟಿ ಮುಟ್ಟಿ ನೋಡಿಕೊಂಡರು. ನಾನೂ ಓಡಿಹೋಗಿ ಅವರ ಕಿವಿ ತಿರುಗಿಸಿ ನೋಡಿದೆ. ವ್ಯಂಗ್ಯವಾಡುವುದು ಆ ಹೊತ್ತು ನೆನಪಾಗಲಿಲ್ಲ.

ಒಂದು ಬಂತು, ಇನ್ನೊಂದು ಉಳಿಯಿತು. ಒಂದು ಬಾಯಿ ತೆರೆದ ಮೇಲೆ ಗಾಳಿಯೆಲ್ಲ ಅಲ್ಲೇ ಸೋರಿಹೋಗುತ್ತದೆ. ಮನೆಗೆ ಬಂದು, ಬಿಟ್ಟುಕೊಂಡ ಪಿಸ್ಟನ್ನನ್ನು ಮತ್ತೆ ತುರುಕಿ, ಅದು ಹೊರಬರದಂತೆ ಕ್ಲ್ಯಾಂಪ್ ಹಾಕಿ ಬಿಗಿದೆವು. ಎಣ್ಣೆ ಬರುವ ತೂತಿಗೆ ಟ್ರ್ಯಾಕ್ಟರಿನ ಗ್ರೀಸ್ ಗನ್ ಸೇರಿಸಿದರು ನನ್ನ ಗಂಡ. ಮಾವ ಸಿಲಿಂಡರು ಹಿಡಿದರು. ನಾನು ಗನ್ನಿನ ಹಿಡಿ ಒತ್ತಿದೆ.

"ಮೆತ್ತಗೆ ಕಣವ್ವ, ಮೆತ್ತಗೆ," ಎಂದರು ಮಾವ. ಯಳಂದೂರಿನಿಂದ ಬಂದ ಮೇಲೆ ಅವರಿಗೆ ಮೆತ್ತಗೆ ಎಂಬ ಪದ ಬಂದಿತ್ತು.

ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಕಟ್ ಎಂಬ ಸಣ್ಣ ಸದ್ದು. ತುಕ್ಕಿನ ಉಂಗುರವೊಂದು ಅಂಚಿನಲ್ಲಿ ಕಾಣಿಸಿತು. ಹಾರಾಟವಿಲ್ಲ, ಗದ್ದಲವಿಲ್ಲ, ಒತ್ತಿದಷ್ಟೇ ಜರುಗುತ್ತಾ ಪಿಸ್ಟನ್ನು ಮಾವನ ಅಂಗೈಗೆ ಬಿತ್ತು. ಅವರು ಮೊಮ್ಮಗುವನ್ನೂ ಹಾಗೆ ನೋಡಿರಲಿಲ್ಲ. ನನಗೂ ಕುಣಿಯುವಷ್ಟು ಖುಷಿಯಾಯಿತು, ತೋರಿಸಿಕೊಳ್ಳಲಿಲ್ಲ.

ಸಿಲಿಂಡರಿನ ಒಳಗೆ ತುಕ್ಕು ತಿಂದು ಗುಳಿ ಬಿದ್ದಿರಲಿಲ್ಲ. ತಿಕ್ಕಿ ನಯ ಮಾಡಿ, ಹೊಸ ರಬ್ಬರ್ ಹಾಕಿ ಜೋಡಿಸಿದ್ದಾಯಿತು. ಮುಂದಿನ ಭಾನುವಾರ ಹನೂರಿನ ನೆಂಟರ ಮನೆಗೆ ಸವಾರಿ. ದಾರಿಯುದ್ದಕ್ಕೂ ಮಾವ ಬ್ರೇಕ್ ತೋರಿಸಿದರು. ಎಮ್ಮೆ ಕಂಡರೆ ಬ್ರೇಕ್, ಪರಿಚಯದವರು ಕಂಡರೆ ಬ್ರೇಕ್, ಯಾರೂ ಕಾಣದಿದ್ದರೆ ನಮಗೆಂದೇ ಒಂದು ಬ್ರೇಕ್. ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನ ಮುಂದೆ ಇನ್ನೊಮ್ಮೆ ನಿಲ್ಲಿಸಿದಾಗ ಅತ್ತೆ ಸೆರಗು ಸರಿಮಾಡಿಕೊಂಡು ಇಳಿದರು.

"ಯಾಕಮ್ಮಿ ಇಳ್ದೆ?"

"ನೀವು ನಿಲ್ಲುಸ್ಕಂಡು ನಿಲ್ಲುಸ್ಕಂಡು ಬನ್ನಿ. ನಾನು ಬಸ್ಸಲ್ಲಿ ಓಯ್ತೀನಿ."

ನಾನೂ ಅವರ ಹಿಂದೆಯೇ ಇಳಿದೆ.