ಸೊಸೆ ಮುಂದೆ, ನಾನು ಹಿಂದೆ

ನನ್ನ ಪಂಚೆಯಲ್ಲಿ ಈಗ ಯಾವಾಗಲೂ ಕೊಬ್ಬರಿ ಎಣ್ಣೆಯ ವಾಸನೆ. ಮೊಮ್ಮಗಳಿಗೆ ಎಣ್ಣೆ ಹಚ್ಚಿ ನನ್ನ ತೊಡೆ ಮೇಲೆ ಮಲಗಿಸುತ್ತಾರೆ, ಒಗೆದರೂ ಹೋಗುವುದಿಲ್ಲ. ಹೋಗದಿರಲಿ ಬಿಡಿ. ಈ ವಾಸನೆಗಾಗಿ ಮಧುರೆ ಕೆರೆ ಏರಿ ಮೇಲೆ ಎಷ್ಟು ನಡೆದಿದ್ದೇವೆ ಅಂತ ನಿಮಗೇನು ಗೊತ್ತು!

ನಡೆದವಳು ಸೊಸೆ ಸವಿತಾ. ನಾನು ಹಿಂದೆ ಹೋದವನು, ಅಷ್ಟೇ.

ಮದುವೆಯಾಗಿ ವರ್ಷಗಳಾದರೂ ಅವಳಿಗೆ ಮಕ್ಕಳಾಗಿರಲಿಲ್ಲ. ಮೈಕೈ ತುಂಬಿಕೊಂಡ ಹುಡುಗಿ. ಅದೇ ಲಕ್ಷಣ ಅಂತ ಮೆಚ್ಚಿ ತಂದುಕೊಂಡವರು ನಾವು. ಬರಬರುತ್ತಾ ತೂಕ ಏರಿತು. ಮಾವನಾದವನು ಬರೆಯುವ ಮಾತಲ್ಲ, ಆದರೂ ಬರೆಯುತ್ತೇನೆ: ಅವಳ ಮುಟ್ಟು ತಿಂಗಳುಗಟ್ಟಲೆ ನಿಂತುಹೋಗುತ್ತಿತ್ತು. ಪ್ರತಿ ಸಲವೂ ನಮಗೆ ಆಸೆ. ನನ್ನ ಹೆಂಡತಿ ಬಸುರಿಗೆ ಅಂತ ತುಪ್ಪ ಕಾಯಿಸಿ ತಿನ್ನಿಸುತ್ತಿದ್ದಳು. ಆಮೇಲೆ ಮುಟ್ಟಾದರೆ ಇಡೀ ಮನೆ ಮಾತು ಬಿಡುತ್ತಿತ್ತು.

ದೊಡ್ಡಬಳ್ಳಾಪುರದ ಡಾಕ್ಟರಮ್ಮನ ಹತ್ತಿರ ನಾನೇ ಜೊತೆಗೆ ಹೋದೆ, ಮಗನಿಗೆ ಶಿಫ್ಟಿತ್ತು. ಹೊರಗೆ ಕೂತವನನ್ನು ಸವಿತಾ ಕರೆದಳು. "ಮಾವ, ನೀವೂ ಒಳಗೆ ಬನ್ನಿ. ನಾನು ಹೇಳಿದ್ರೆ ಮನೇಲಿ ಯಾರೂ ನಂಬಲ್ಲ."

ತೂಕ ಹೆಚ್ಚಾದರೆ ಕೆಲವರಿಗೆ ಹಾರ್ಮೋನು ಏರುಪೇರಾಗಿ ಅಂಡಾಣು ಸರಿಯಾಗಿ ಬಿಡುಗಡೆಯಾಗುವುದಿಲ್ಲವಂತೆ. ಬಸುರಾದರೂ ಬಿಪಿ, ಸಕ್ಕರೆ ಕಾಡಬಹುದಂತೆ. "ಸ್ವಲ್ಪ ಇಳಿದರೂ ಅನುಕೂಲ ಆಗಬಹುದು. ಅವಳನ್ನ ಬೈಬೇಡಿ. ಮಗನನ್ನೂ ಪರೀಕ್ಷೆಗೆ ಕಳಿಸಿ" ಎಂದ ಡಾಕ್ಟರಮ್ಮ ಮಾತ್ರೆ ಬರೆದುಕೊಟ್ಟು, ದಿನಾ ನಡೆಯಲು ಹೇಳಿದರು.

ಒಬ್ಬಳೇ ನಡೆಯಲು ಅವಳಿಗೆ ನಾಚಿಕೆ, ಎದುರಾದವರೆಲ್ಲ ಮೈ ನೋಡುತ್ತಾರೆಂದು. ನಾನು ಜೊತೆಗೆ ಹೊರಟೆ. ಮೊದಲ ದಿನವೇ ಪಜೀತಿ. ನಮ್ಮ ಕಡೆ ಸೊಸೆ ಮಾವನನ್ನು ದಾಟಿ ನಡೆಯುವುದಿಲ್ಲ. ನನ್ನ ಮಂಡಿ ನೋವಿನ ಹಿಂದೆ ತೆವಳಿದರೆ ಅವಳು ಬೆವರುವುದು ಹೇಗೆ?

"ನೀನು ಮುಂದೆ ಹೋಗಮ್ಮ."

"ಅಯ್ಯೋ, ನೋಡ್ದೋರು ಏನಂತಾರೆ ಮಾವ?"

"ಮುದುಕನ್ನ ಹಿಂದೆ ಬಿಟ್ಲು ಅಂತಾರೆ. ಬಿಡು!"

ಹಾಲಿನ ಡೈರಿ ಹತ್ತಿರ ಗೆಳೆಯ ಕೆಂಪಣ್ಣ ಕೂಗಿದ, "ಏನ್ಲಾ, ಸೊಸೇನ ಓಟದ ಪಂದ್ಯಕ್ಕೆ ಬಿಟ್ಟಿದ್ದೀಯಾ?"

"ನಿನ್ನ ಹೊಟ್ಟೆ ನೋಡ್ಕೊಂಡು ನೀನೂ ಬಾರೋ" ಅಂದೆ.

ಒಂದು ಬೆಳಿಗ್ಗೆ ಅವಳು ಏರಿ ಕಲ್ಲಿನ ಮೇಲೆ ಕೂತುಬಿಟ್ಟಳು. "ಇಷ್ಟೆಲ್ಲ ಮಾಡಿಯೂ ಆಗದಿದ್ರೆ ಮಾವ?"

ಹೆಚ್ಚು ಓದಿದವನಲ್ಲ ನಾನು. ಪಕ್ಕದಲ್ಲಿ ಕೂತೆ. "ಆಗದಿದ್ರೆ ನೀನು ಬೇರೆ ಯಾರಾದ್ರೂ ಆಗ್ಬಿಡ್ತೀಯಾ? ನಮ್ಮ ಸವಿತಾನೇ ತಾನೆ?" ಅವಳು ಅತ್ತಳು. ನಾನು ಕೆರೆ ನೋಡುವವನಂತೆ ಮುಖ ತಿರುಗಿಸಿದೆ.

ನಡಿಗೆಯೋ ಮಾತ್ರೆಯೋ, ಮೆಲ್ಲಗೆ ಮುಟ್ಟು ಸರಿಹೋಯಿತು. ಮೊಮ್ಮಗಳು ಬಂದಳು. ಆಸ್ಪತ್ರೆ ಮುಂದೆ ಗುರುತಿಲ್ಲದವರ ಕೈಗೆಲ್ಲ ಸಕ್ಕರೆ ಹಾಕಿದೆ!

ಬಾಣಂತನ ಮುಗಿಯಿತು. ಇವತ್ತು ಬೆಳಿಗ್ಗೆ ಸವಿತಾ ಚಪ್ಪಲಿ ಮೆಟ್ಟಿಕೊಂಡು ಬಂದಳು. "ಪಾಪು ನಿಮ್ಮ ಹತ್ರ ಇರ್ಲಿ ಮಾವ. ನಾನೊಬ್ಳೇ ಒಂದು ಸುತ್ತು ಹೋಗ್ಬಿಟ್ಟು ಬರ್ತೀನಿ."

ಬಾಗಿಲಲ್ಲಿ ನಿಂತು ನೋಡಿದೆ. ಯಾರು ಎದುರಾದರೂ ತಲೆ ತಗ್ಗಿಸದೆ ಕೈ ಬೀಸಿಕೊಂಡು ಹೋಗುತ್ತಿದ್ದಳು. ಮಗುವಿನ ಮುಖವನ್ನು ದಾರಿಯ ಕಡೆ ತಿರುಗಿಸಿದೆ.

"ನೋಡೇ, ನಿಮ್ಮಮ್ಮ."