ಟೇಪು ಮಾವನ ಬಲಗಾಲು

ನಮ್ಮ ಬೀದಿಯ ಟೈಲರನ್ನು ನಾನು ಕರೆಯುವುದೇ ಟೇಪು ಮಾವ ಅಂತ. ಅಳತೆ ಟೇಪು ಮಲಗುವಾಗಲೂ ಕೊರಳಲ್ಲೇ ಇರುತ್ತದೆ! ಅವರಷ್ಟು ಚೆನ್ನಾಗಿ ಕಾಲರ್ ಕೂರಿಸುವವರು ಇನ್ನೊಬ್ಬರಿಲ್ಲ, ಬೇಕಾದರೆ ಪಂದ್ಯ ಕಟ್ಟುತ್ತೇನೆ. ಅತ್ತೆ ತೀರಿಕೊಂಡ ಮೇಲೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಒಬ್ಬರೇ ಇದ್ದಾರೆ.

ಮಾವ ಮಷಿನ್ನು ತುಳಿಯುತ್ತಿದ್ದದ್ದು ಬರಿಗಾಲಲ್ಲಿ. "ಪೆಡಲ್ಲು ಅಂಗಾಲಿಗೆ ಮಾತಾಡತ್ತೆ ಕಣೆ, ಚಪ್ಪಲಿ ಹಾಕಿದ್ರೆ ಕೇಳ್ಸಲ್ಲ" ಅನ್ನುತ್ತಿದ್ದರು.

ಅವತ್ತು ಬಿಳಿ ಪರದೆ ಹೊಲಿಯುತ್ತಿದ್ದರು. ನೆಲಕ್ಕೆ ಬಿದ್ದ ತುದಿಯಲ್ಲಿ ಕೆಂಪು ಕಲೆ ಕಂಡು, "ಈ ಲೈನಿಂಗ್ ಬಟ್ಟೆ ಬಣ್ಣ ಬಿಡತ್ತೆ, ದರಿದ್ರದ್ದು!" ಎಂದು ಪಕ್ಕದ ಕೆಂಪು ಬಟ್ಟೆಯ ಥಾನನ್ನು ಬೈದರು. ನಾನು ಪರದೆ ಎತ್ತಲು ಬಗ್ಗಿದೆ.

"ಮಾವಾ, ಕಾಲು!"

"ಯಾರ್ ಕಾಲು?"

ಬಲಗಾಲಿನ ಹೆಬ್ಬೆರಳ ಬುಡದಲ್ಲಿ ಮುರಿದ ಸೂಜಿ ಚುಚ್ಚಿಕೊಂಡು, ಕೀವಾಗಿ ರಕ್ತ ಸೋರುತ್ತಿತ್ತು. ಅವರಿಗೆ ಗೊತ್ತೇ ಆಗಿರಲಿಲ್ಲ.

ಆಸ್ಪತ್ರೆಯಲ್ಲಿ ನೋಡಿದರೆ ರಕ್ತದ ಸಕ್ಕರೆ ನಾನೂರರ ಮೇಲಿತ್ತು. ನರ್ಸಕ್ಕ ಹೇಳಿದರು: "ಸಕ್ಕರೆ ಏರಿ ಏರಿ ಕಾಲಿನ ನರ ಮರಗಟ್ಟಿದೆ, ಅದಕ್ಕೇ ನೋವಿಲ್ಲ. ರಕ್ತಾನೂ ಸರಿಯಾಗಿ ಹೋಗ್ತಿಲ್ಲ, ಗಾಯ ಹೆಂಗ್ ಮಾಯತ್ತೆ? ಕೀವು ಮೂಳೆಗಿಳಿದ್ರೆ ಬೆರಳು ತೆಗೀಬೇಕಾಗತ್ತೆ. ಮಷಿನ್ ತುಳಿಯೋ ಹಾಗಿಲ್ಲ. ದಿನಾ ಅಂಗಾಲು ನೋಡೋಕೆ ಮನೇಲಿ ಯಾರಿದ್ದಾರೆ?"

"ಮಷಿನ್ನಿದೆ" ಅಂದರು ಮಾವ. ನರ್ಸಕ್ಕ ನಗಲಿಲ್ಲ.

ಮಷಿನ್ನಿಗೆ ಹೊದಿಕೆ ಬಿತ್ತು. ಮಾವ ಕೈಯಲ್ಲೇ ಗುಂಡಿ ಹಚ್ಚುತ್ತಾ ಕೂತರು. ಟ್ರಯಲ್ ರೂಮಿನ ಕನ್ನಡಿ ಬಿಚ್ಚಿ ನೆಲಕ್ಕಿಟ್ಟು, ಬೆಳಿಗ್ಗೆ ಬೆಳಿಗ್ಗೆ ಅಂಗಾಲು ನೋಡಿಕೊಳ್ಳುವುದು, ಮಾತ್ರೆ ನುಂಗುವುದು, ವಾರಕ್ಕೆರಡು ಸಲ ಆಟೋದಲ್ಲಿ ಡ್ರೆಸ್ಸಿಂಗಿಗೆ ಹೋಗುವುದು. ಅವತ್ತು ಮಾತ್ರ ಇಸ್ತ್ರಿ ಅಂಗಿ! "ಕೋಟಿನ ಗುಂಡಿಯಷ್ಟಿತ್ತು, ಈಗ ಅಂಗಿ ಗುಂಡಿಯಷ್ಟಾಗಿದೆ" ಅಂತ ಸಿಕ್ಕಿದವರಿಗೆಲ್ಲ ಗಾಯದ ಅಳತೆ ಒಪ್ಪಿಸುತ್ತಿದ್ದರು. ಸಕ್ಕರೆ ಇಳಿದಂತೆ ಗಾಯವೂ ಕಿರಿದಾಯಿತು. ಅಷ್ಟಕ್ಕೇ ನಾಲ್ಕು ತಿಂಗಳು.

"ಪೂರ್ತಿ ಕೂಡಿದೆ! ಬೆರಳು ಉಳೀತು. ಇನ್ ಡ್ರೆಸ್ಸಿಂಗ್ ಬೇಡ" ಅಂದರು ನರ್ಸಕ್ಕ. ಖುಷಿಗೆ ನಾನು ಚಪ್ಪಾಳೆಯನ್ನೇ ತಟ್ಟಿಬಿಟ್ಟೆ.

ಮಾವ ಸ್ಟೂಲಿನ ಮೇಲಿಂದ ಕಾಲು ಇಳಿಸಲೇ ಇಲ್ಲ. "ಗುರುವಾರ ಸುಮ್ನೆ ಬರ್ಲಾ? ಒಂದ್ಸಲ ನೋಡೋಕೆ?"

"ಮೂರು ತಿಂಗಳಿಗೆ ಬನ್ನಿ ಸಾಕು." ಅವರು ಆಗಲೇ ಮುಂದಿನವರ ಕಾಲು ಹಿಡಿದಿದ್ದರು.

ಮಾವ ಈಗ ಮೆತ್ತನೆ ಬೂಟು ಹಾಕಿ ತುಳಿಯುತ್ತಾರೆ. ಹೊಲಿಗೆ ಆಗಾಗ ಸೊಟ್ಟಗಾಗುತ್ತದೆ, ಬೈದುಕೊಂಡು ಬಿಚ್ಚುತ್ತಾರೆ. ಕನ್ನಡಿ ಇನ್ನೂ ನೆಲದಲ್ಲೇ ಇದೆ. ಹೊಸ ಅಂಗಿ ಹಾಕಿ ನಿಂತರೆ ನನಗೆ ನನ್ನ ಮೊಣಕಾಲಷ್ಟೇ ಕಾಣುತ್ತದೆ.

"ಮೇಲೆ ತೂಗುಹಾಕಿ ಮಾವ!"

"ಹಾಕ್ತೀನಿ. ನೀನ್ ದಿನಾ ಬಂದು ಕಾಲು ನೋಡ್ತೀಯಾ?"

ನಾನು ಕಾಲೇಜು, ಬಸ್ಸು ಅಂತ ಏನೋ ತೊದಲಿದೆ.

"ಇರ್ಲಿ ಬಿಡೆ" ಅಂದು ಮಾವ ಸೂಜಿಗೆ ದಾರ ಪೋಣಿಸತೊಡಗಿದರು.